ದೇವರು ನೋಡದ ಡಬರಿ

ನಮ್ಮ ದೊಡ್ಡಮ್ಮನ ಜೊತೆ ವಾದಕ್ಕಿಳಿದು ಗೆದ್ದವರು ಹಿರಿಯೂರಿನಲ್ಲಿ ಇಬ್ಬರೇ. ಒಬ್ಬರು ಹಿಂದಿನ ಮನೆಯ ರುದ್ರಕ್ಕ. ಇನ್ನೊಂದು, ದೊಡ್ಡಮ್ಮನ ಸ್ವಂತ ಬಲಗಾಲಿನ ಮಂಡಿ. ಮಿಕ್ಕಂತೆ ಪಾದ್ರಿಗಳು, ಡಾಕ್ಟರು, ಬಸ್ ಕಂಡಕ್ಟರು, ದಿವಂಗತ ದೊಡ್ಡಪ್ಪ, ಎಲ್ಲರೂ ಸೋತು ಸುಣ್ಣವಾದವರೇ. ದೊಡ್ಡಪ್ಪನಂತೂ ಸೋಲುವುದನ್ನೇ ಸಂಸಾರದ ಗುಟ್ಟು ಮಾಡಿಕೊಂಡು ಸುಖವಾಗಿ ಬಾಳಿ ಹೋದರು.

ನಾನು ಹೇಳಹೊರಟ ಮಧ್ಯಾಹ್ನ ಅಲ್ಲಿ ಯಾರ್ಯಾರಿದ್ದರು ಅಂತ ಮೊದಲೇ ತಿಳಿಸಿಬಿಡುತ್ತೇನೆ. ಅವತ್ತು ಈಸ್ಟರ್ ಭಾನುವಾರ. ಚಿತ್ರದುರ್ಗದಿಂದ ನಾನೂ ನನ್ನ ಹೆಂಡತಿಯೂ ಊಟಕ್ಕೆ ಬಂದಿದ್ದೆವು. ಆರಾಧನೆ ಮುಗಿಸಿ ಹೊಸ ಪಾದ್ರಿಗಳೂ ಬಂದಿದ್ದರು. ಅವರ ವಯಸ್ಸು ಚಿಕ್ಕದು, ದನಿ ಅದಕ್ಕಿಂತ ಚಿಕ್ಕದು. ಒಳಗೆ ಸೆಕೆ ಅಂತ ಹಿತ್ತಲಿನಲ್ಲಿ, ಗೋಡೆ ಪಕ್ಕದ ಹೊಂಗೆ ಮರದ ನೆರಳಿಗೆ ಕುರ್ಚಿ ಹಾಕಿಕೊಂಡು ಕುಂತಿದ್ದೆವು. ಅಲ್ಲಿಗೆ ಬಂದವನು ರುದ್ರಕ್ಕನ ಮಗ ತಿಪ್ಪೇಶ, ಶೇಂಗಾ ವ್ಯಾಪಾರಿ. ಅವನ ಹಿಂದೆ ನೂಲುಂಡೆ ಹಿಡಿದ ಗಾರೆ ಮೇಸ್ತ್ರಿ. ಗೋಡೆಯಾಚೆ ಬಳೆ ಸದ್ದು ಕೇಳುತ್ತಿತ್ತು. ಅದು ತಿಪ್ಪೇಶನ ಹೆಂಡತಿ ಶೋಭಾ, ಬಟ್ಟೆ ಒಣಹಾಕುತ್ತಿದ್ದಳು ಅಂತ ಇಟ್ಟುಕೊಳ್ಳಿ. ಅಷ್ಟು ಹೊತ್ತು ಒಣಹಾಕುವಷ್ಟು ಬಟ್ಟೆ ಯಾರ ಮನೆಯಲ್ಲಿರುತ್ತೆ ಅಂತ ಮಾತ್ರ ಕೇಳಬೇಡಿ.

"ಸಿಸ್ಟರಮ್ಮ, ಈ ಗೋಡೆ ಕೆಡವಿ ನಾಳೆಯಿಂದ ಬ್ಲಾಕ್ ಗೋಡೆ ಎಬ್ಬಿಸ್ತೀನಿ. ಕಿಂಡಿ ಇರಲ್ಲ" ಅಂದ ತಿಪ್ಪೇಶ.

ದೊಡ್ಡಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಊರಿಗೆಲ್ಲ ಸಿಸ್ಟರಮ್ಮ, ರುದ್ರಕ್ಕನಿಗೊಬ್ಬಳಿಗೇ 'ಸಿಸ್ಟ್ರೇ'. ಸರಿ, ಕಿಂಡಿ ಏನು ಅಂತ ಹೇಳಬೇಕಲ್ಲ.

ಎರಡೂ ಮನೆಗಳ ಬೆನ್ನಿಗೆ ಬೆನ್ನು ತಾಗಿದೆ. ಮುಂಬಾಗಿಲುಗಳು ಮಾತ್ರ ಬೇರೆ ಬೇರೆ ಬೀದಿಗೆ. ಸುತ್ತಿಕೊಂಡು ಹೋಗಬೇಕೆಂದರೆ ಸಂತೆ ಮೈದಾನ ಬಳಸಿ, ಚರಂಡಿ ದಾಟಿ, ನಾಯಿಗಳ ಅಪ್ಪಣೆ ಪಡೆದು ಹೋಗಬೇಕು. ಯಾವುದೋ ಒಂದು ಮಳೆಗಾಲದಲ್ಲಿ ಹಿತ್ತಲ ಮಣ್ಣುಗೋಡೆಯಿಂದ ಎರಡು ಕಲ್ಲು ಉದುರಿದವು. ಮೂರನೆಯ ಕಲ್ಲನ್ನು ಕಿತ್ತವರು ಯಾರು ಅಂತ ಕೇಳಿದರೆ ದೊಡ್ಡಮ್ಮ ರುದ್ರಕ್ಕನ ಕಡೆಗೂ, ರುದ್ರಕ್ಕ ದೊಡ್ಡಮ್ಮನ ಕಡೆಗೂ ಕೈ ತೋರಿಸುತ್ತಾರೆ. ಅಂತೂ ಕಿಂಡಿ ಆಯಿತು. ನಮ್ಮ ಹಿತ್ತಲು ಎತ್ತರದಲ್ಲಿದೆ, ಅವರದು ತಗ್ಗಿನಲ್ಲಿದೆ. ಆದ್ದರಿಂದ ಈ ಕಡೆ ದೊಡ್ಡಮ್ಮ ಆರಾಮಾಗಿ ನಿಂತು ಮಾತಾಡಿದರೆ, ಆ ಕಡೆ ರುದ್ರಕ್ಕ ಒಂದು ಚಪ್ಪಡಿ ಕಲ್ಲು ಹತ್ತಿ ನಿಲ್ಲಬೇಕು. ಹಾಗೆ ನಿಂತು ಇಬ್ಬರೂ ಎರಡೂ ಬೀದಿಗಳ ಆಡಳಿತ ನಡೆಸಿದ್ದಾರೆ.

ಆದರೆ ಕಿಂಡಿಯ ಮುಖ್ಯ ಕೆಲಸ ಮಾತಲ್ಲ, ಡಬರಿ.

ದೊಡ್ಡಮ್ಮ ಪ್ರಸಾದ ತಿನ್ನುವುದಿಲ್ಲ. ಬೇರೆ ದೇವರ ಮುಂದೆ ಎಡೆ ಇಟ್ಟದ್ದನ್ನು ಬಾಯಿಗಿಡುವುದಿಲ್ಲ. ಹಿಂದಿನ ಪಾದ್ರಿಗಳೊಬ್ಬರು, "ತಿಂದರೆ ಪಾಪವೇನಿಲ್ಲಮ್ಮ, ಮನಸ್ಸು ಚೆನ್ನಾಗಿದ್ದರೆ ಸಾಕು" ಅಂದಿದ್ದರಂತೆ. "ನಿಮಗಿಲ್ಲದೆ ಇರಬಹುದು ಅಯ್ನೋರೆ. ನಾನು ಯೇಸುಸ್ವಾಮಿಗೆ ಮಾತು ಕೊಟ್ಟಿದೀನಿ" ಅಂತ ಅವರನ್ನೇ ವಾಪಸ್ ಕಳಿಸಿದ್ದಳು. ಅತ್ತ ರುದ್ರಕ್ಕನ ಮನೆಯಲ್ಲಿ ಹಬ್ಬದ ಅಡುಗೆಯನ್ನು ಎಡೆ ಇಡುವ ಮುಂಚೆ ಯಾರೂ ಮುಟ್ಟುವಂತಿಲ್ಲ. ಎಡೆ ಆದ ಮೇಲೆ ಇಡೀ ಪಾತ್ರೆಯೇ ಪ್ರಸಾದ. ಹೀಗಿರುವಾಗ ಸಿಸ್ಟರಿಗೆ ಹೋಳಿಗೆ ತಿನ್ನಿಸುವುದು ಹೇಗೆ?

ರುದ್ರಕ್ಕ ಇದಕ್ಕೊಂದು ದಾರಿ ಹುಡುಕಿದಳು. ಹಬ್ಬದ ದಿನ ಹಿತ್ತಲಿನಲ್ಲಿ ಇನ್ನೊಂದು ಒಲೆ ಹೂಡಿ, ಬೇರೆ ಬೇಳೆ, ಬೇರೆ ಬೆಲ್ಲ, ಬೇರೆ ಹಿಟ್ಟು ಇಟ್ಟುಕೊಂಡು, ಒಂದು ಪುಟ್ಟ ಡಬರಿಯಷ್ಟು ಅಡುಗೆ ಮಾಡುವುದು. ಆ ಡಬರಿ ಮನೆಯ ಹೊಸಿಲು ದಾಟುವುದಿಲ್ಲ, ಹಿತ್ತಲಿನಿಂದ ನೇರವಾಗಿ ಕಿಂಡಿಗೆ.

"ನಿಮ್ಮ ದೇವರು ಬೇಜಾರು ಮಾಡ್ಕಳಲ್ವೇನು?" ಅಂತ ನಾನೊಮ್ಮೆ ಕೇಳಿದ್ದೆ.

"ಅವನಿಗೆ ಗೊತ್ತೈತೆ ಬಿಡಪ್ಪ. ಆ ಕಡೆ ನೋಡಲ್ಲ ಅಷ್ಟೆ" ಅಂದಿದ್ದಳು ರುದ್ರಕ್ಕ.

ದೊಡ್ಡಮ್ಮನೇನು ಕಡಿಮೆಯವಳೇ? ರುದ್ರಕ್ಕ ಮೊಟ್ಟೆ ಮುಟ್ಟುವವಳಲ್ಲ. ಅದಕ್ಕೆ ಕ್ರಿಸ್ಮಸ್ಸಿಗೆ, ಮೊಟ್ಟೆ ಕಂಡೇ ಇರದ ಒಂದು ಕುಕ್ಕರಿನಲ್ಲಿ ಮರಳು ಹಾಸಿ, ಮೊಟ್ಟೆಯಿಲ್ಲದ ಕೇಕು ಬೇಯಿಸುತ್ತಾಳೆ. ಅದರ ಗಟ್ಟಿತನ ಎಂಥದ್ದೆಂದರೆ, ದುರ್ಗದ ಕೋಟೆಯಲ್ಲಿ ಎಲ್ಲಾದರೂ ಒಂದು ಕಲ್ಲು ಸಡಿಲವಾದರೆ ನಿಶ್ಚಿಂತೆಯಿಂದ ಅಲ್ಲಿ ಕೂರಿಸಬಹುದು. ರುದ್ರಕ್ಕ ಅದನ್ನು ಟೀಯಲ್ಲಿ ನೆನೆಸಿ ಸಂಕ್ರಾಂತಿಯವರೆಗೂ ತಿನ್ನುತ್ತಾಳೆ. ಒಂದು ಚೂರನ್ನೂ ಬಿಸಾಡಿದವಳಲ್ಲ.

ಆ ವರ್ಷದ ಯುಗಾದಿಗೆ ಎಡವಟ್ಟಾಯಿತು. ಹಬ್ಬಕ್ಕೆ ಮುಂಚಿನ ಭಾನುವಾರ ರುದ್ರಕ್ಕ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಬಚ್ಚಲಲ್ಲಿ ಜಾರಿದೆ ಅಂತ ಅವಳೇ ಎಲ್ಲರಿಗೂ ಹೇಳಿದಳು. ದಾವಣಗೆರೆಯಲ್ಲಿ ಆಪರೇಷನ್ ಆಗಿ, ಅಲ್ಲೇ ಆಸ್ಪತ್ರೆಯಲ್ಲಿ ಉಳಿಯಬೇಕಾಯಿತು. ಹಬ್ಬ ಮಾಡುವ ಭಾರ ಸೊಸೆ ಶೋಭಾಳ ತಲೆಗೆ. ಹೊಸದುರ್ಗದ ಹುಡುಗಿ, ಮದುವೆಯಾಗಿ ಬಂದು ಮೊದಲ ಯುಗಾದಿ, ಡಬರಿಯ ಕಾನೂನು ಗೊತ್ತಿಲ್ಲ. ಅಚ್ಚುಕಟ್ಟಾಗಿ ಪೂಜೆ ಮುಗಿಸಿ, ತಟ್ಟೆ ತುಂಬ ಹೋಳಿಗೆ ಇಟ್ಟು, ಮೇಲೊಂದು ಹೂವಿಟ್ಟು ಕಿಂಡಿಯಲ್ಲಿ ಚಾಚಿದಳು.

"ಎಡೆ ಆಯ್ತೇನವ್ವ?" ದೊಡ್ಡಮ್ಮ ಕೇಳಿದಳು.

"ಆಯ್ತು ಸಿಸ್ಟರಮ್ಮ. ಮೊದಲು ನಿಮಗೇ ತಂದೆ."

"ಹಂಗಾದ್ರೆ ಬ್ಯಾಡ ಕಣವ್ವ" ಅಂತ ತಟ್ಟೆಯನ್ನು ಹಾಗೇ ಹಿಂದಕ್ಕೆ ಸರಿಸಿದಳು.

ಇಷ್ಟು ನಡೆದಿತ್ತು. ಆಮೇಲೆ ಈಸ್ಟರ್ ಬಂತು, ನೂಲುಂಡೆ ಹಿಡಿದ ಮೇಸ್ತ್ರಿಯೂ ಬಂದ.

ತಿಪ್ಪೇಶ ಕೆಟ್ಟವನಲ್ಲ. ಆದರೆ ಮೊಬೈಲಿನಲ್ಲಿ ಬಂದದ್ದನ್ನೆಲ್ಲ ಓದುತ್ತಾನೆ. ಅವತ್ತು ಅಷ್ಟನ್ನೂ ಹೊಟ್ಟೆಯಲ್ಲಿ ತುಂಬಿಕೊಂಡು ಬಂದಿದ್ದ.

"ನೋಡ್ರಿ, ನಮಗೂ ನಿಮಗೂ ಸರಿ ಬರಲ್ಲ. ನಿಮ್ಮದು ಫಾರಿನ್ ಧರ್ಮ."

ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. ದೊಡ್ಡಮ್ಮ ಅವರ ತಟ್ಟೆಗೆ ಇನ್ನೊಂದು ಕೋಳಿ ತುಂಡು ಹಾಕಿದಳು. ಅದರ ಅರ್ಥ, ನೀವು ಉಣ್ಣಿರಿ, ಇದು ನನ್ನ ಕೇಸು ಅಂತ.

"ಲೇ ತಿಪ್ಪೇಶ, ನಿನ್ನ ಅಂಗಡೀಲಿ ಏನು ಮಾರ್ತೀಯ?"

"ಶೇಂಗಾ."

"ಎಲ್ಲೀದು?"

"ನಮ್ಮ ಧರ್ಮಪುರದ್ದು. ಈ ಸೀಮೇಲೇ ಅಂಥ ಶೇಂಗಾ ಇಲ್ಲ."

"ಅದಕ್ಕಿಂತ ಮುಂಚೆ ಎಲ್ಲಿತ್ತು? ಹಡಗು ಹತ್ತಿ ಬಂದಿದ್ದು ಕಣೋ ಅದು. ಮೆಣಸಿನಕಾಯಿನೂ ಅಷ್ಟೆ. ಈಗ ಹೋಗಿ ಧರ್ಮಪುರದ ಸರ್ಕಲ್‌ನಲ್ಲಿ ನಿಂತ್ಕಂಡು, ಶೇಂಗಾ ನಮ್ಮದಲ್ಲ ಫಾರಿನ್ದು ಅಂತ ಹೇಳು. ಹೊಡೀತಾರೆ. ಬೇರು ಬಿಟ್ಟ ನೆಲ ಯಾವುದೋ ಅದೇ ಅದರೂರು. ನಮ್ಮ ಮುತ್ತಾತ ಹಿರೇಗುಂಟನೂರು ಕಡೆ ಕುರಿ ಕಾಯ್ತಿದ್ದೋನು. ನಾನೇನು ಇಂಗ್ಲೆಂಡಿಂದ ಬಂದಂಗೆ ಕಾಣ್ತೀನಾ?"

ಮೇಸ್ತ್ರಿ ದೊಡ್ಡಮ್ಮನ ಮೈಬಣ್ಣ ನೋಡಿ ನಕ್ಕುಬಿಟ್ಟ. ತಿಪ್ಪೇಶ ಅವನತ್ತ ಒಮ್ಮೆ ಕೆಕ್ಕರಿಸಿ ನೋಡಿದ.

"ನಿಮ್ಮ ಮುತ್ತಾತನೇ ಅಲ್ವಾ ಅಕ್ಕಿ ಆಸೆಗೆ ಜಾತಿ ಬಿಟ್ಟಿದ್ದು? ಎಲ್ರಿಗೂ ಗೊತ್ತೈತೆ."

ನನಗೆ ಸಿಟ್ಟು ಬಂತು. ಈ ಮಾತು ಕೇಳಿದಾಗೆಲ್ಲ ಬರುತ್ತೆ. ಶಾಲೆಯಲ್ಲಿ ಕೇಳಿದ್ದೇನೆ, ಆಫೀಸಿನಲ್ಲಿ ಕೇಳಿದ್ದೇನೆ, ಗೆಳೆಯರು ಹೆಗಲ ಮೇಲೆ ಕೈ ಹಾಕಿಕೊಂಡೇ ಅಂದದ್ದನ್ನೂ ಕೇಳಿದ್ದೇನೆ. ನಾನು ಎದ್ದೇ ಬಿಡುತ್ತಿದ್ದೆ. ದೊಡ್ಡಮ್ಮ ಮಾತ್ರ ಯಾರೋ ಒಳ್ಳೆಯ ಸುದ್ದಿ ತಂದವರ ಹಾಗೆ ಮುಖ ಅರಳಿಸಿದಳು.

"ಅಕ್ಕಿ ಯಾರು ಕೊಟ್ರೋ? ರಾಗಿ ಅಂಬಲಿ! ಸರಿಯಾಗಿ ತಿಳ್ಕಂಡು ಬೈಯಿ. ಹೂಂ ಕಣಪ್ಪ, ನಮ್ಮ ಮುತ್ತಾತ ಹಸಿದಿದ್ದ. ಬರಗಾಲ. ಯಾರೂ ಹೊಸಿಲ ಹತ್ರ ಬಿಟ್ಕಳ್ಳಲಿಲ್ಲ. ಮಿಷನ್ನಿನೋರು ಪಕ್ಕದಲ್ಲಿ ಕೂರಿಸ್ಕಂಡು ಬಟ್ಟಲಿಗೆ ಅಂಬಲಿ ಬಿಟ್ರು. ಉಂಡು ಕೈ ತೊಳ್ಕಂಡು, ನಿಮ್ಮ ದೇವರ ಹೆಸರೇನು ಅಂತ ಕೇಳಿದ. ಅದರಲ್ಲಿ ನಾಚಿಕೆ ಪಡೋದೇನೈತೆ? ಹಸಿದೋನು ಕೇಳದೆ ಇನ್ನ್ಯಾರು ಕೇಳ್ತಾರೆ? ನಿಮ್ಮ ಮಠದಲ್ಲಿ ದಾಸೋಹ ಇಲ್ವಾ? ಅದನ್ನ ಆಸೆ ಅಂತೀಯೋ ಧರ್ಮ ಅಂತೀಯೋ?"

"ಅದು ಬ್ಯಾರೆ."

"ಏನೂ ಬ್ಯಾರೆ ಇಲ್ಲ. ಅಂಬಲಿ ಗುಡಾಣ ಖಾಲಿಯಾಗಿ ನಾಕು ತಲೆಮಾರು ಆಯ್ತು. ನಾವಿನ್ನೂ ಅಲ್ಲೇ ಕುಂತಿದೀವಿ. ಯಾಕೆ ಅಂತ ಅದನ್ನ ಕೇಳು. ಈಗ ಅಕ್ಕಿ ಕೊಡೋದು ಸರ್ಕಾರ. ನೀನೇನು ಸೊಸೈಟಿ ಮುಂದೆ ಅಡ್ಡ ಬೀಳ್ತೀಯಾ?"

ಗೋಡೆಯಾಚೆ ಬಳೆ ಸದ್ದು ನಿಂತಿತ್ತು.

"ನಾಳೆ ನಮ್ಮವ್ವನ್ನೂ ನಿಮ್ಮ ಕಡೆ ಎಳ್ಕಳಲ್ಲ ಅಂತ ಏನು ಗ್ಯಾರಂಟಿ?"

"ನಿಮ್ಮವ್ವನ್ನಾ?" ದೊಡ್ಡಮ್ಮ ಪಾದ್ರಿಗಳ ಕಡೆ ತಿರುಗಿದಳು. "ಕೇಳಿದ್ರಾ ಅಯ್ನೋರೆ? ಆ ಹೆಂಗಸಿಗೆ ಸಕ್ಕರೆ ಕಾಯಿಲೆ. ಟೀಗೆ ಎರಡು ಚಮಚ ಹಾಕ್ಕಂತಾಳೆ. ಒಂದು ಹಾಕ್ಕೊ ಅಂತ ನಾನು ಇಷ್ಟು ವರ್ಷದಿಂದ ಸಾರ್ತಿದೀನಿ. ಒಂದು ಚಮಚ ಸಕ್ಕರೆ ಬಿಡಿಸೋಕಾಗ್ಲಿಲ್ಲ, ದೇವರನ್ನ ಬಿಡಿಸ್ತೀನಾ?"

ತಿಪ್ಪೇಶನಿಗೆ ನಗು ಬಂತು, ಅದನ್ನು ಸಿಟ್ಟಿನಿಂದ ಒತ್ತಿ ಹಿಡಿದುಕೊಂಡ. ಹಿಡಿದುಕೊಂಡು, ಅವನು ಯಾವುದನ್ನು ಕೇಳದಿದ್ದರೆ ಸಾಕು ಅಂತ ನಾನು ಅಂದುಕೊಂಡಿದ್ದೆನೋ ಅದನ್ನೇ ಕೇಳಿದ.

"ನಿಮ್ಮದೇನು ಬಿಡ್ರಿ. ವಾರವೆಲ್ಲ ತಪ್ಪು ಮಾಡೋದು, ಭಾನುವಾರ ಕ್ಷಮೆ ಕೇಳೋದು, ಸೋಮವಾರ ಮತ್ತೆ ಶುರು."

ನಾನು ಕಣ್ಣು ಮುಚ್ಚಿಕೊಂಡೆ. ಯಾಕೆಂದರೆ ಈ ಪ್ರಶ್ನೆಗೆ ಉತ್ತರ ಏನಾಗುತ್ತೆ ಅನ್ನುವುದನ್ನು ನಾನು ಹೊಳಲ್ಕೆರೆ ಬಸ್ಸಿನಲ್ಲಿ ಕಣ್ಣಾರೆ ಕಂಡಿದ್ದೆ. ಅವತ್ತು ಪಕ್ಕದ ಸೀಟಿನ ಯಜಮಾನರೊಬ್ಬರು, ದೊಡ್ಡಮ್ಮನ ಕೈಚೀಲದಿಂದ ಬೈಬಲು ಇಣುಕುವುದನ್ನು ಕಂಡು ಇದೇ ಮಾತನ್ನು ಸಾವಕಾಶವಾಗಿ ವಿವರಿಸಿದ್ದರು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು, "ಯಜಮಾನರೆ, ನೀವು ಸೋಮವಾರ ಸ್ನಾನ ಮಾಡಿದ್ರೆ ಮಂಗಳವಾರ ಮತ್ತೆ ಬೆವರಲ್ವಾ? ಹೆಂಗಿದ್ರೂ ಬೆವರ್ತೀವಿ ಅಂತ ಸ್ನಾನ ಬಿಟ್ಬಿಡ್ತೀರಾ?" ಅಂದಳು. ಆಮೇಲೆ ಅವರ ಕಡೆ ಸ್ವಲ್ಪ ವಾಲಿ, ಮೂಗೆಳೆದು, "ಬಿಟ್ಟಂಗೈತೆ" ಅಂದಳು. ಯಜಮಾನರು ಚಿತ್ರದುರ್ಗದವರೆಗೂ ನಿಂತೇ ಬಂದರು.

ತಿಪ್ಪೇಶನ ಪುಣ್ಯ, ಅವನು ನಾಲ್ಕು ಮಾರು ದೂರದಲ್ಲಿದ್ದ. ಸ್ನಾನದವರೆಗೆ ಹೇಳಿ ನಿಲ್ಲಿಸಿದಳು. ಅವನು ಸುಮ್ಮನಾಗಲಿಲ್ಲ.

"ನಿಮ್ಮ ಚರ್ಚಿನೋರ ಬಗ್ಗೆ ನಾನು ಹೇಳಕ್ಕೆ ಶುರು ಮಾಡಿದ್ರೆ..."

"ನೀನ್ಯಾಕೆ ಕಷ್ಟಪಡ್ತೀಯ, ನಾನೇ ಹೇಳ್ತೀನಿ ಕುಂತ್ಕ" ಅಂತ ದೊಡ್ಡಮ್ಮ ಶುರು ಮಾಡಿಯೇಬಿಟ್ಟಳು. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಜಗಳ ಆಡಿ ಎರಡು ವರ್ಷ ಮಾತು ಬಿಟ್ಟವರು, ಪಾದ್ರಿಗಳ ಪ್ರಸಂಗದ ಹೊತ್ತಲ್ಲಿ ಗೊರಕೆ ಹೊಡೆದು ಆಮೆನ್‌ಗೆ ಎಚ್ಚರಾಗುವವರು, ಆರಾಧನೆಯಲ್ಲಿ ಪ್ರಭುವಿನ ಒಂದೇ ರೊಟ್ಟಿ ಹಂಚಿಕೊಂಡು ತಿಂದು ಹೊರಗೆ ಬಂದು ಹೆಣ್ಣು ಕೊಡುವಾಗ ಜಾತಿ ವಿಚಾರಿಸುವವರು. ಕೊನೆಯದನ್ನು ಹೇಳುವಾಗ ಮಾತ್ರ ಅವಳ ದನಿಯಲ್ಲಿ ನಗುವಿರಲಿಲ್ಲ. "ಅದೊಂದಕ್ಕೆ ಯೇಸುಸ್ವಾಮಿ ಮುಂದೆ ನಾವು ಮುಖ ಎತ್ತಂಗಿಲ್ಲ" ಅಂದಳು. ಪಾದ್ರಿಗಳು ತಟ್ಟೆ ಕೆಳಗಿಟ್ಟರು.

ತಿಪ್ಪೇಶ ತಬ್ಬಿಬ್ಬಾದ. ಬೈಯಲು ಬಂದವನಿಗೆ ಬೈಗುಳವನ್ನೇ ಉಳಿಸದಿದ್ದರೆ ಪಾಪ, ಅವನಾದರೂ ಏನು ಮಾಡಬೇಕು?

"ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೋಗ್ತೀರಿ ಮತ್ತೆ?"

"ನಾನೇನು ಒಳ್ಳೇಳು ಅಂತ ಹೋಗ್ತೀನಿ ಅಂದ್ಕಂಡ್ಯಾ? ನಾನೂ ಅವರ ಥರದೋಳೇ. ಅದಕ್ಕೇ ಹೋಗ್ತೀನಿ."

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ತಿಪ್ಪೇಶ ನೆಲ ನೋಡಿಕೊಂಡು, ಮೊಬೈಲಿನಲ್ಲಿ ಬಂದದ್ದಲ್ಲದ ಒಂದು ಮಾತು ಆಡಿದ. "ನಮ್ಮ ಮನೇಲಿ ನಿಮ್ಮ ಕೇಕು ತಿಂತೀವಿ. ಹಬ್ಬದ ದಿನ ನನ್ನ ಹೆಂಡ್ತಿ ಕೈಯಾರೆ ಕೊಟ್ಟ ಪ್ರಸಾದ ನೀವು ವಾಪಸ್ ಕೊಟ್ರಿ. ಅವತ್ತು ಅವಳು ಊಟ ಮಾಡ್ಲಿಲ್ಲ. ಅತ್ಲು."

ದೊಡ್ಡಮ್ಮ ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿಕೊಂಡಳು.

"ಅತ್ತಿದ್ದಕ್ಕೆ ನನಗೆ ಸಂಕಟ ಆಗ್ತೈತೆ. ವಾಪಸ್ ಕೊಟ್ಟಿದ್ದಕ್ಕೆ ಆಗಲ್ಲ" ಅಂದಳು. "ನಗ್ತಾ ಇಸ್ಕಂಡು, ಆ ಹುಡುಗಿ ಆ ಕಡೆ ತಿರುಗಿದ್ ಕೂಡ್ಲೇ ನಾಯಿಗೆ ಹಾಕಬಹುದಿತ್ತು. ಹಂಗೆ ಮಾಡೋರು ನಮ್ಮಲ್ಲಿ ಬೇಕಾದಷ್ಟು ಜನ ಅವರೆ. ನಿನಗೂ ಸಂತೋಷ, ನನಗೂ ತಂಟೆಯಿಲ್ಲ. ನಾನು ಮಾಡ್ಲಿಲ್ಲ. ನಿನ್ನ ಹೆಂಡ್ತಿಗೂ ನಿನ್ನ ದೇವರಿಗೂ ಆ ಅವಮಾನ ಮಾಡೋಳಲ್ಲ ನಾನು. ನಿಮ್ಮವ್ವ ನನ್ನ ಮನೆ ಕೋಳಿ ಸಾರು ಉಣ್ತಾಳಾ? ಉಣ್ಣು ಅಂತ ಕೇಳಿದೀನಾ? ಅವಳು ಮೊಟ್ಟೆ ತಿನ್ನಲ್ಲ, ನಾನು ಎಡೆ ತಿನ್ನಲ್ಲ. ಇಬ್ರೂ ಅದನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದೀವಿ. ಅದಕ್ಕೇ ಕಣೋ ಆ ಕಿಂಡಿ ಇಷ್ಟು ವರ್ಷ ಉಳ್ಕಂಡಿರೋದು."

ತಿಪ್ಪೇಶನ ದನಿ ಇಳಿಯಿತು. "ಉಳೀಬಾರದಾಗಿತ್ತು ಸಿಸ್ಟರಮ್ಮ. ನಮ್ಮವ್ವ ಬಚ್ಚಲಲ್ಲಿ ಜಾರಲಿಲ್ಲ. ಆ ಕಲ್ಲು ಹತ್ತಿ ನಿಮ್ಮನ್ನ ಕೂಗ್ತಾ ಬಿದ್ಲು. ಶೋಭಾ ನೋಡಿದಾಳೆ. ನೀವು ಚರ್ಚಲ್ಲಿದ್ರಿ. ಕಿಂಡಿ ಮುಚ್ಚಿಸ್ತೀನಿ ಅಂತ ಹೆದರಿ ಎಲ್ರಿಗೂ ಬಚ್ಚಲು ಅಂತ ಸುಳ್ಳು ಹೇಳಿದಾಳೆ."

 ದೊಡ್ಡಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿದಳು. ಮತ್ತೆ ಒರೆಸಿದಳು. ಆಮೇಲೆ ಮೇಸ್ತ್ರಿಗೆ, "ಕಟ್ಟಪ್ಪ. ಗಟ್ಟಿಯಾಗಿ ಕಟ್ಟು" ಅಂದು ಒಳಗೆ ಹೋದಳು.

ಸಂಜೆ ನಾನು ಸಮಾಧಾನ ಹೇಳಲು ಹೋದೆ. "ದೊಡ್ಡಮ್ಮ, ತಿಪ್ಪೇಶನ ಹತ್ರ ಒಂದು ಮಾತು ಬೇಡ್ಕಂಡ್ರೆ ಏನು ಹೋಗ್ತಿತ್ತು? ಅವರು ಆ ಕಡೆ ಏಳಂಗಿಲ್ಲ, ನೀನು ಈ ಮಂಡಿ ಇಟ್ಕಂಡು ಅಷ್ಟು ದೂರ ಸುತ್ತಿ ನಡೆಯಂಗಿಲ್ಲ. ಕಿಂಡಿ ಹೋದ್ರೆ ಇಬ್ರೂ ಹೆಂಗೆ ನೋಡ್ತೀರಿ?"

"ಬೇಡ್ಕಳಾದು ಒಬ್ಬನ ಹತ್ರ. ನಾನು ಮಂಡಿ ಊರೋದು ಒಬ್ಬನ ಮುಂದೆ. ಈಗ ಅದಕ್ಕೂ ಕಲ್ಲು ಬಿತ್ತು" ಅಂದಳು.

ಅದು ಮಂಡಿಯ ಕಥೆ. ಚಿತ್ರದುರ್ಗದ ಡಾಕ್ಟರು ಇನ್ನು ಮೇಲೆ ಮಂಡಿ ಊರಕೂಡದು ಅಂದಾಗ, "ಪ್ರಾರ್ಥನೆಗೂ?" ಅಂತ ಕೇಳಿದ್ದಳು. "ಪ್ರಾರ್ಥನೆಗೂ" ಅಂದಿದ್ದರು ಡಾಕ್ಟರು. "ಕುರ್ಚಿ ಹಾಕ್ಕಂಡು ದೇವರ ಮುಂದೆ ಕುಂತ್ಕಳಕ್ಕೆ ನಾನೇನು ತಹಶೀಲ್ದಾರಳಾ?" ಅಂತ ಅವರ ಮೇಲೆ ರೇಗಿ ಬಂದಿದ್ದಳು. ಒಂದಷ್ಟು ದಿನ ಹಟಕ್ಕೆ ಬಿದ್ದು ಮಂಡಿಯೂರಿದಳು. ಕೊನೆಗೆ ಏಳಲಾಗದೆ, ಹಾಲಿನವನು ಬಂದು ಎಬ್ಬಿಸಬೇಕಾಯಿತು. ಅವತ್ತು ಮಂಡಿ ಗೆದ್ದಿತು. ಈಗ ಕುರ್ಚಿಯಲ್ಲಿ ಕುಂತೇ ಪ್ರಾರ್ಥಿಸುತ್ತಾಳೆ, ಆದರೆ ಕುಂತದ್ದಕ್ಕೆ ಮೊದಲು ಕ್ಷಮೆ ಕೇಳಿ ಆಮೇಲೆ ಮಿಕ್ಕ ವಿಷಯಕ್ಕೆ ಬರುತ್ತಾಳೆ.

ಗೋಡೆ ಎದ್ದಿತು. ಫೋನು ಮಾಡಿದಾಗೆಲ್ಲ ದೊಡ್ಡಮ್ಮ ಅದರ ಸುದ್ದಿ ಎತ್ತಲಿಲ್ಲ. ರುದ್ರಕ್ಕ ಆಸ್ಪತ್ರೆಯಿಂದ ಬಂದಳಂತೆ ಅಂತ ಮಾತ್ರ ಹೇಳಿದಳು. ಅದೂ 'ಅಂತೆ'. ಒಂದು ಗೋಡೆಯಾಚೆ ಇರುವವಳ ಸುದ್ದಿಯನ್ನು ದೊಡ್ಡಮ್ಮ 'ಅಂತೆ' ಹಚ್ಚಿ ಹೇಳಿದ್ದು ಕೇಳಿ ನನ್ನ ಹೆಂಡತಿ ಫೋನನ್ನು ನನಗೆ ಕೊಟ್ಟು ಒಳಗೆ ಹೋದಳು.

ಬಸವ ಜಯಂತಿಗೆ ರಜೆ ಇತ್ತು. ನಾವಿಬ್ಬರೂ ಹಿರಿಯೂರಿಗೆ ಹೋದೆವು. ಹಿತ್ತಲಿಗೆ ಹೋಗಿ ನೋಡಿದರೆ ಬೂದು ಬಣ್ಣದ ಗಟ್ಟಿ ಗೋಡೆ, ಮೇಲೆ ಗಿಲಾವು. ಹಳೆಯ ಕಿಂಡಿ ಇದ್ದ ಎತ್ತರದಲ್ಲಿ ಒಂದು ಬಿರುಕೂ ಇಲ್ಲ. ಆದರೆ ಹೊಂಗೆ ಮರದ ಬುಡದ ಪಕ್ಕ, ನೆಲಕ್ಕಿಂತ ತುಸುವೇ ಮೇಲೆ, ಒಂದು ಬ್ಲಾಕು ಕೂರಿಸದೆ ಬಿಟ್ಟು, ಸುತ್ತ ಅಂಚು ನಯವಾಗಿ ಸವರಿದ್ದರು. ತಗ್ಗಿನಲ್ಲಿರುವ ಆ ಕಡೆಯ ಹಿತ್ತಲಿಗೆ ಅದು ಕುರ್ಚಿಯಲ್ಲಿ ಕುಂತವರ ಮುಖದ ಎತ್ತರ.

"ಇದ್ಯಾವಾಗ ಆಯ್ತು ದೊಡ್ಡಮ್ಮ?"

"ನಂಗೇನು ಗೊತ್ತು. ಆ ಹುಡುಗಿ ಅತ್ತೆ ಕುರ್ಚಿ ತಂದಿಟ್ಟು ಅಳತೆ ಹಿಡಿಸಿದ್ಲಂತೆ. ತಿಪ್ಪೇಶ ಏನೂ ಅನ್ಲಿಲ್ಲ ಅಂತ ಮೇಸ್ತ್ರಿ ಹೇಳಿದ" ಅಂದಳು. ಅವಳು ಇನ್ನೂ ಅದರ ಹತ್ತಿರ ಹೋಗಿರಲಿಲ್ಲ.

ಅಷ್ಟರಲ್ಲಿ ಆ ಸಂದಿನಿಂದ ಬಳೆ ತುಂಬಿದ ಒಂದು ಕೈ ಈಚೆಗೆ ಬಂತು. ಕೈಯಲ್ಲಿ ಪುಟ್ಟ ಡಬರಿ.

"ಬ್ಯಾರೆ ಒಲೇದು ಸಿಸ್ಟರಮ್ಮ" ಅಂದಳು ಶೋಭಾ. "ಒಳಗೆ ಇನ್ನೂ ಎಡೆ ಇಟ್ಟಿಲ್ಲ."

ಅವಳ ಹಿಂದಿನಿಂದ ರುದ್ರಕ್ಕನ ದನಿ ಬಂತು. "ಸಿಸ್ಟ್ರೇ, ಎಲ್ಲಿದೀಯ? ಬರೀ ಕಾಲು ಕಾಣ್ತೈತೆ."

ನಾನು ಕುರ್ಚಿ ತರಲು ಓಡಿದೆ. ಕುರ್ಚಿಯಲ್ಲಿ ಕುಂತರೆ ಅಷ್ಟು ಕೆಳಗಿನದು ಕಾಣುವುದಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ತಿರುಗಿ ನೋಡುವಷ್ಟರಲ್ಲಿ ದೊಡ್ಡಮ್ಮ ಒಂದು ಕೈಯನ್ನು ಹೊಂಗೆ ಮರಕ್ಕೂ ಇನ್ನೊಂದನ್ನು ನನ್ನ ಹೆಂಡತಿಯ ಹೆಗಲಿಗೂ ಕೊಟ್ಟು, ಮೆಲ್ಲಗೆ, ಎರಡೂ ಮಂಡಿಯೂರಿ ಮಣ್ಣಿನ ಮೇಲೆ ಕುಂತಿದ್ದಳು.